ಮಗ ಯಾವಾಗಲೂ ನಗುವ ಮುಖವನ್ನೇ ಒತ್ತುತ್ತಾನೆ, ಏನು ಮಾಡಲಿ?

ಪ್ರಶ್ನೆ: ಸಿಸ್ಟರ್, ನನ್ನ ಮಗನಿಗೆ 6 ವರ್ಷ. ರಕ್ತದ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ನೋವು, ಸುಸ್ತು, ವಾಕರಿಕೆ ಎಷ್ಟಿದೆ ಅಂತ ದಿನಾ ಮುಖದ ಚಿತ್ರ ಒತ್ತಿ ಹೇಳಲು ಆಸ್ಪತ್ರೆಯವರು ಫೋನಿಗೆ ಆ್ಯಪ್ ಹಾಕಿಕೊಟ್ಟಿದ್ದಾರೆ. ಇವನು ಯಾವಾಗಲೂ ನಗುವ ಮುಖವನ್ನೇ ಒತ್ತುತ್ತಾನೆ. ಮೊನ್ನೆ ಬಾಯಿ ತುಂಬ ಹುಣ್ಣು, ನೀರೂ ಇಳಿಯುತ್ತಿರಲಿಲ್ಲ. ಆವತ್ತೂ ಅದೇ ನಗು! ಅವನ ಬದಲು ನಾನೇ ಒತ್ತಲಾ?

ಉತ್ತರ (ಮಕ್ಕಳ ಕ್ಯಾನ್ಸರ್ ವಾರ್ಡಿನ ನರ್ಸ್): ಬೇಡ. ನೀವು ಕಂಡದ್ದನ್ನು ಬೇರೆ ಬರೆದಿಡಿ, ಅದೂ ನಮಗೆ ಬೇಕು. ವಾಂತಿ ನಿಮಗೆ ಕಾಣುತ್ತದೆ, ಹೊಟ್ಟೆ ತೊಳಸುವುದು ಅವನಿಗಷ್ಟೇ ಗೊತ್ತು.

ಮೊದಲು ಆ ಮುಖಗಳನ್ನೇ ನೋಡಿ. ಕೊನೆಯದು ಅಳುತ್ತಿದೆಯಾ? ಅಳುಬುರುಕ ಅನ್ನಿಸಿಕೊಳ್ಳಲು ಯಾವ ಮಗುವಿಗೆ ಇಷ್ಟ? ನೋವು ಅಳೆಯಲೆಂದು 2001ರಲ್ಲಿ ಬಂದ ‘ಫೇಸಸ್ ಪೇನ್ ಸ್ಕೇಲ್ ರಿವೈಸ್ಡ್’ ಅನ್ನುವ ಚಿತ್ರಪಟ್ಟಿಯಲ್ಲಿ 6 ಮುಖಗಳಿವೆ. ನಗುವೂ ಇಲ್ಲ, ಕಣ್ಣೀರೂ ಇಲ್ಲ, ನೋವಿನ ಹೆಚ್ಚುಕಡಿಮೆ ಮಾತ್ರ. ಅದನ್ನು ಹಾಕಿಕೊಡಲು ಆಗುತ್ತಾ ಕೇಳಿ.

ಇನ್ನು ಮಾತು. ನನ್ನ ಅನುಭವದಲ್ಲಿ ಜಾಸ್ತಿ ಎಡವಟ್ಟಾಗುವುದು ಇಲ್ಲೇ. ಒಂದು ಪುಟ್ಟ ಹುಡುಗಿಯನ್ನು ‘ಬಾಯಿ ನೋವಾ?’ ಅಂತ ಮೂರು ಸಲ ಕೇಳಿದೆ. ಇಲ್ಲ ಅಂದಳು. ‘ಉರಿಯುತ್ತಾ?’ ಅಂದೆ ನೋಡಿ, ತುಟಿ ಬಿಚ್ಚದೆ ‘ಹೌದು’ ಅಂತ ಜೋರಾಗಿ ತಲೆಯಾಡಿಸಿದಳು. ಅವಳ ಲೆಕ್ಕದಲ್ಲಿ ನೋವು ಅಂದರೆ ಬಿದ್ದಾಗ ಆಗುವುದು. ವಿನ್‌ಕ್ರಿಸ್ಟಿನ್ ಅನ್ನುವ ಕೀಮೋ ಔಷಧಿ ಕೊಟ್ಟಾಗ ಕಾಲು ಜುಮ್ಮೆನ್ನಬಹುದು, ಮಗು ಅದನ್ನು ‘ಇರುವೆ ಹರೀತಿದೆ’ ಅನ್ನಬಹುದು. ಆ್ಯಪ್‌ನಲ್ಲಿ ಇರುವೆಯ ಚಿತ್ರವೇ ಇದ್ದರೆ ಎಷ್ಟು ಚೆನ್ನ ಅಲ್ವಾ? ಇಂಗ್ಲಿಷಿನಿಂದ ಸುಮ್ನೆ ಅನುವಾದ ಮಾಡಿದರೆ ಇದೆಲ್ಲ ಬರುವುದಿಲ್ಲ. ಮಕ್ಕಳನ್ನೇ ಕೂರಿಸಿಕೊಂಡು ಪದ ಆರಿಸಬೇಕು.

‘ಕಳೆದ 7 ದಿನಗಳಲ್ಲಿ’ ಅಂತ ಕೇಳಿದರೆ ಈ ವಯಸ್ಸಿಗೆ ಅರ್ಥವಾಗುವುದಿಲ್ಲ, ‘ಈಗ’ ಅಂತ ಕೇಳಿ. 4ರಿಂದ 7 ವರ್ಷದವರಿಗೆಂದೇ ‘ಮಿನಿ ಎಸ್‌ಎಸ್‌ಪೆಡಿ’ ಅಂತ ಒಂದು ಪ್ರಶ್ನೆಪಟ್ಟಿ ಇದೆ, ಮಗುವಿಗೆ ಏನೇನು ತೊಂದರೆಯಾಗುತ್ತಿದೆ ಅಂತ ಕೇಳುವುದು. ದೊಡ್ಡವರು ಓದುತ್ತಾರೆ, ಮಗು ಉತ್ತರ ಹೇಳುತ್ತದೆ.

ಇನ್ನೊಬ್ಬರು: ನನ್ನ ಮಗಳಿಗೆ 13. ಎರಡು ತಿಂಗಳು ತಪ್ಪದೆ ತುಂಬಿದಳು. ‘ಯಾರೂ ನೋಡಲ್ಲ’ ಅಂತ ಈಗ ಬಿಟ್ಟಿದ್ದಾಳೆ.

ಉತ್ತರ: ಅವಳ ಕೋಪ ನ್ಯಾಯವಾದದ್ದೇ. ಯಾರು, ಯಾವಾಗ ನೋಡುತ್ತಾರೆ ಅಂತ ನೇರವಾಗಿ ಕೇಳಿ. ಚೆಕಪ್‌ನಲ್ಲಿ ಫೋನನ್ನು ಅವಳ ಕೈಗೇ ಕೊಡಿ, ಡಾಕ್ಟರಿಗೆ ಅವಳೇ ತೋರಿಸಲಿ. ಒಂದು ಮಾತು: ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿತು ಅಂದರೆ ಆ್ಯಪ್ ತುಂಬುತ್ತಾ ಕೂರಬೇಡಿ. ಆಗಲೇ ಆಸ್ಪತ್ರೆಗೆ ಫೋನ್ ಮಾಡಿ, ರಾತ್ರಿಯಾದರೂ ಸರಿ.

ಮೊದಲು ಕೇಳಿದವರು: ಸಿಸ್ಟರ್, ಇವತ್ತು ‘ಉರಿಯುತ್ತಾ?’ ಅಂತಲೇ ಕೇಳಿದೆ. ‘ಹೂಂ’ ಅಂದ. ಮತ್ತೆ ಯಾಕಪ್ಪಾ ಒತ್ತಲಿಲ್ಲ ಅಂದರೆ, ‘ಒತ್ತಿದ್ರೆ ಸೂಜಿ ಹಾಕ್ತಾರೆ’ ಅಂದ.

ಉತ್ತರ: ಪಾಪ, ಇದೇ ಇತ್ತು ನೋಡಿ ಒಳಗೆ. ಸೂಜಿ ಹಾಕುವುದೇ ಇಲ್ಲ ಅಂತ ಮಾತ್ರ ಮಾತು ಕೊಡಬೇಡಿ, ಸುಳ್ಳಾದರೆ ಇನ್ನೆಂದೂ ಹೇಳುವುದಿಲ್ಲ. ಈ ಮಾತನ್ನು ನಾಳೆಯೇ ವಾರ್ಡಿನವರಿಗೆ ತಿಳಿಸಿ. ಉರಿ ಅಂತ ಒತ್ತಿದ ದಿನ ಹುಣ್ಣಿಗೆ ಡಾಕ್ಟರು ಬರೆದ ಔಷಧಿಯನ್ನು ಊಟಕ್ಕೆ ಮುಂಚೆಯೇ ಕೊಟ್ಟು, ‘ನೀನು ಒತ್ತಿದ್ದಕ್ಕೇ ಇದು ಬಂತು’ ಅಂತ ಅವನಿಗೆ ಹೇಳಿ.