ಕಾಡು ವಯೊಲೆಟ್: ಹೂವಿಲ್ಲದೆ ಸಸಿಗಳು ಎಲ್ಲಿಂದ?

ಪ್ರಶ್ನೆ: ನಮಸ್ಕಾರ ಮೇಡಂ. ಮರದ ನೆರಳಿನ ಪಾತಿಯಲ್ಲಿ ಕಾಡು ವಯೊಲೆಟ್ ಬೆಳೆಸಿದ್ದೇನೆ. ವಸಂತದಲ್ಲಿ ನಾಲ್ಕಾರು ಹೂ ಬಿಟ್ಟು ನಿಂತಿತು. ಈಗ ಬರೀ ಎಲೆ. ಅವೂ ಅಲ್ಲಲ್ಲಿ ಹಳದಿಯಾಗುತ್ತಿವೆ. ಆದರೆ ಪಕ್ಕದ ಹುಲ್ಲುಹಾಸಿನ ತುಂಬ ಮರಿಸಸಿಗಳು ಎದ್ದಿವೆ. ಎಲ್ಲವನ್ನೂ ಕಿತ್ತುಬಿಡಲೇ?

ತೋಟಗಾರಿಕಾ ತಜ್ಞೆ: ದಯವಿಟ್ಟು ಬೇಡ. ಮೊದಲು ಬುಡದ ಎಲೆಗಳನ್ನು ಸರಿಸಿ ನೋಡಿ. ಮಣ್ಣಿಗೆ ತಾಗಿಕೊಂಡಂತೆ ಸಣ್ಣ ಮೊಗ್ಗುಗಳಿರುತ್ತವೆ. ಅವು ಅರಳುವುದೇ ಇಲ್ಲ. ಮುಚ್ಚಿದ ಮೊಗ್ಗಿನೊಳಗೇ ಸ್ವಪರಾಗಸ್ಪರ್ಶ ನಡೆದು ಕಾಯಿ ಕಟ್ಟುತ್ತದೆ. ಬಲಿತ ಕಾಯಿ 3 ಹೋಳಾಗಿ ಬಿರಿದು ಬೀಜಗಳನ್ನು ಚಿಮ್ಮಿಸುತ್ತದೆ. ಬೀಜಕ್ಕೆ ಅಂಟಿರುವ ಎಣ್ಣೆಯಂಶದ ತುಣುಕಿನ ಆಸೆಗೆ ಇರುವೆಗಳು ಅದನ್ನು ಇನ್ನೂ ದೂರ ಹೊತ್ತೊಯ್ಯುತ್ತವೆ. ಜನ ವಸಂತದ ಚೆಂದದ ಹೂಗಳನ್ನೇ ದೂರುತ್ತಾರೆ, ಪಾಪ! ಬೇಸಿಗೆಯ ಈ ಕಾಯಿಗಳನ್ನು ಬಿರಿಯುವ ಮೊದಲೇ ಚಿವುಟಿದರೆ ಹರಡುವಿಕೆ ಬಹಳಷ್ಟು ತಗ್ಗುತ್ತದೆ. ಹುಲ್ಲಿನಲ್ಲಿ ಎದ್ದ ಸಸಿಗಳನ್ನು ಮಣ್ಣು ಒದ್ದೆಯಾಗಿರುವಾಗ ಬೇರುಸಮೇತ ಎತ್ತಿ. ಬೇರುಕಾಂಡದ ತುಂಡು ಉಳಿದರೆ ಮತ್ತೆ ಚಿಗುರುತ್ತದೆ. ಹುಲ್ಲು ಕತ್ತರಿಸುವುದರಿಂದ ಇವು ಸಾಯುವುದಿಲ್ಲ.

ಎಲೆ ಹೇರಳವಾಗಿದ್ದು ಹೂ ಕಡಿಮೆಯಾದರೆ ನೆರಳು ತೀರಾ ದಟ್ಟವಾಗಿರಬಹುದು, ಇಲ್ಲವೇ ಸಾರಜನಕ ಹೆಚ್ಚಾಗಿರಬಹುದು. ಹುಲ್ಲಿಗೆ ಹಾಕಿದ ಗೊಬ್ಬರ ಪಾತಿಗೂ ಹರಿಯುತ್ತಿದೆಯೇ, ನೋಡಿ. ಹಳದಿ ಎಲೆಯ ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದು ಜೇಡ ನುಸಿ. ಒಣ ಬಿಸಿಲಿನಲ್ಲಿ ಅದರ ಹಾವಳಿ ಹೆಚ್ಚು. ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹಾಯಿಸಿ, ಮಣ್ಣನ್ನು ತೇವವಾಗಿಡಿ.

ಇನ್ನೊಬ್ಬ ಸದಸ್ಯರು: ನಮ್ಮ ಗಿಡದ ಎಲೆಗಳಲ್ಲಿ ತೂತುಗಳಿವೆ ಮೇಡಂ. ಮೈಮೇಲೆ ಮುಳ್ಳಿರುವ ಕಪ್ಪು ಹುಳುವೂ ಕಂಡಿತು. ಔಷಧಿ ಹೊಡೆಯಲೇ?

ತೋಟಗಾರಿಕಾ ತಜ್ಞೆ: ಖಂಡಿತ ಹೊಡೆಯಬೇಡಿ! ಅದು ಫ್ರಿಟಿಲರಿ ಚಿಟ್ಟೆಯ ಮರಿಹುಳುವಾಗಿರಬಹುದು. ಆ ಗುಂಪಿನ ಹಲವು ಚಿಟ್ಟೆಗಳ ಮರಿಗಳಿಗೆ ವಯೊಲೆಟ್ ಎಲೆಯೇ ಆಹಾರ, ಬೇರೆ ಗಿಡ ಒಗ್ಗುವುದಿಲ್ಲ. ಎಲೆ ಮತ್ತೆ ಚಿಗುರುತ್ತದೆ, ತಿನ್ನಲಿ ಬಿಡಿ. ಎಲೆಯ ಮೇಲೆ ಹೊಳೆಯುವ ಲೋಳೆಯ ಗೆರೆ ಕಂಡರೆ ಮಾತ್ರ ಅದು ಗೊಂಡೆಹುಳುವಿನ ಕೆಲಸ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಡುಕಿ, ಕೈಯಿಂದಲೇ ಆರಿಸಿ ತೆಗೆಯಿರಿ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ, ಕೀಳುವುದಿಲ್ಲ. ಚಿವುಟಿದ ಕಾಯಿಗಳ ಬೀಜವನ್ನು ಕುಂಡದಲ್ಲಿ ಬಿತ್ತಬಹುದೇ?

ತೋಟಗಾರಿಕಾ ತಜ್ಞೆ: ಬಿತ್ತಬಹುದು, ಕಾಯಿ ಬಲಿತಿರಬೇಕು ಅಷ್ಟೆ. ಚಳಿ ತಾಗದೆ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಒದ್ದೆ ಮರಳಿನಲ್ಲಿ ಬೆರೆಸಿ ಎರಡು ಮೂರು ತಿಂಗಳು ಫ್ರಿಜ್‌ನಲ್ಲಿಟ್ಟು, ಆಮೇಲೆ ಬಿತ್ತಿ.