ಪದಚರ್ಚೆ: ‘ಕಲ್ಟ್ ಹಾರರ್’ ಕ್ಯಾಸೆಟ್ಟಿಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ, ಉಡುಪಿಯಿಂದ

ಬಳಗದವರಿಗೆ ನಮಸ್ಕಾರ. ಕಡಿಮೆ ಖರ್ಚಿನ ಹಾರರ್ ಚಿತ್ರಗಳು ವಿಡಿಯೋ ಕ್ಯಾಸೆಟ್ಟಿನ ಕಾಲದಲ್ಲಿ ಗಳಿಸಿಕೊಂಡ ಅಭಿಮಾನಿಗಳ ಬಗ್ಗೆ ಒಂದು ಲೇಖನ ತಿದ್ದಲಿಕ್ಕೆ ಬಂದಿದೆ. ಮೂರು ಕಡೆ ತೊಡಕು. ‘ಕಲ್ಟ್ ಫಿಲ್ಮ್’ ಎಂಬುದನ್ನು ಲೇಖಕರು ‘ಪಂಥೀಯ ಚಿತ್ರ’ ಮಾಡಿದ್ದಾರೆ. ಓದಿದರೆ ಯಾವುದೋ ಮಠದ ಸಾಕ್ಷ್ಯಚಿತ್ರ ಅನ್ನಿಸುತ್ತದೆ. ‘ಹಾರರ್’ ಅವರಲ್ಲಿ ‘ಭೂತದ ಸಿನಿಮಾ’ ಆಗಿದೆ. ಘಟ್ಟದ ಮೇಲೆ ನಡೆದೀತು, ನಮ್ಮಲ್ಲಿ ಭೂತ ಎಂದರೆ ಪಂಜುರ್ಲಿ, ಜುಮಾದಿ. ಕೋಲ ಕೊಟ್ಟು ನಂಬುವ ದೈವ. ‘ಹೋಂ ವಿಡಿಯೋ’ ಹೋಗಿ ‘ಗೃಹ ವಿಡಿಯೋ’ ಆಗಿದೆ. ಅದನ್ನು ಗೃಹಪ್ರವೇಶದ ವಿಡಿಯೋ ಎಂದು ಓದುವವರೂ ಇದ್ದಾರು. ಬದಲಿ ಸೂಚಿಸಿ. ‘ಟ್ರ್ಯಾಕಿಂಗ್’, ‘ಡ್ರಾಪ್‌ಔಟ್’, ‘ಜೋಂಬಿ’ ಇವುಗಳಿಗೂ ಏನಾದರೂ ಉಂಟಾ?

ಉತ್ತರ, ಮಂಗಳೂರಿನಿಂದ

‘ಗೃಹ ವಿಡಿಯೋ’ವನ್ನು ಮೊದಲು ಹೊಡೆದುಹಾಕಿ. ಜನರ ಬಾಯಲ್ಲಿದ್ದದ್ದು “ಟಾಕೀಸಿನಲ್ಲಿ ನೋಡಿದ್ದಾ, ಕ್ಯಾಸೆಟ್ಟಿನಲ್ಲಾ?” ಎಂಬ ಮಾತು. ಡಿಸ್ಕ್ ಬಂದ ಮೇಲೆ ವಿಸಿಡಿ, ಡಿವಿಡಿ ಎರಡಕ್ಕೂ ‘ಸಿಡಿ’ಯೇ. ‘ಕ್ಯಾಸೆಟ್ಟಿನಲ್ಲಿ ಬಂದ ಚಿತ್ರ’ ಸಾಕು. ಟಾಕೀಸಿನ ಮುಖವನ್ನೇ ಕಾಣದ್ದಾದರೆ ‘ನೇರ ಕ್ಯಾಸೆಟ್ಟಿಗೆ ಬಂದದ್ದು’.

ಕ್ಯಾಸೆಟ್ ಎಂಬ ಶಬ್ದ ಉಳಿಯಲೇಬೇಕು ಎನ್ನಲಿಕ್ಕೆ ಕಾರಣ, ಈ ಚಿತ್ರಗಳ ರುಚಿಯ ಅರ್ಧ ಪಾಲು ಟೇಪಿನದು. ಮನೆಯ ಕ್ಯಾಸೆಟ್ಟಿನ ಪದ್ಧತಿಯಾದ ವಿಎಚ್‌ಎಸ್‌ನಲ್ಲಿ ಕಪ್ಪು-ಬಿಳುಪಿನ ವಿವರ ಅಡ್ಡಕ್ಕೆ ಸುಮಾರು 240 ಗೆರೆಯಷ್ಟು. ಬಣ್ಣದ ವಿವರ 40ರ ಆಸುಪಾಸು. ಬಣ್ಣದ ಸಂಕೇತವನ್ನು ಸುಮಾರು 627 ಕಿಲೋಹರ್ಟ್ಸ್‌ಗೆ ಇಳಿಸಿ ಇಕ್ಕಟ್ಟಾದ ಜಾಗದಲ್ಲಿ ತುರುಕುವುದರಿಂದ ಹೀಗಾಗುತ್ತದೆ. ಕೆಂಪಿನಲ್ಲಿ ಇದು ಎದ್ದು ಕಾಣುತ್ತದೆ: ರಕ್ತ ತನ್ನ ಅಂಚು ದಾಟಿ ಪಕ್ಕಕ್ಕೆ ಹರಡುತ್ತದೆ. ರಬ್ಬರ್ ಮುಖವಾಡದ ಅಂಟು, ಎಳೆಯುವ ದಾರ ಮಸುಕಿನಲ್ಲಿ ಮುಚ್ಚಿಹೋಗುತ್ತವೆ. ಎರಡು ವಿಸಿಆರ್ (ಕ್ಯಾಸೆಟ್ ಓಡಿಸುವ, ತುಂಬಿಸುವ ಯಂತ್ರ) ಜೋಡಿಸಿ ಮಾಡಿದ ಕಾಪಿಯ ಕಾಪಿಯಾದರೆ ಕತ್ತಲಲ್ಲಿ ನಿಂತದ್ದು ಮನುಷ್ಯನೋ ಮರವೋ ಗೊತ್ತಾಗುವುದಿಲ್ಲ. ದೊಂದಿ ಬೆಳಕಿನ ಯಕ್ಷಗಾನದ ಆಟದಲ್ಲಿ ರಾಳದ ಬೆಂಕಿಯ ಹಿಂದಿನಿಂದ ರಾಕ್ಷಸನ ಬಣ್ಣದ ವೇಷ ಅರ್ಧ ಮಾತ್ರ ಕಂಡು ಹೆದರಿಸುವುದಿಲ್ಲವೇ, ಲೆಕ್ಕ ಅದೇ. ಟ್ಯೂಬ್‌ಲೈಟಿನಡಿ ನಿಲ್ಲಿಸಿದರೆ ಮುಖದ ಮೇಲಿನ ಚಿಟ್ಟಿ (ಹಿಟ್ಟಿನ ಚುಕ್ಕೆ) ಎಣಿಸಬಹುದು, ಹೆದರಿಕೆ ಹೋಯಿತು. ಬ್ಲೂ-ರೇಯಲ್ಲಿ ಶುಚಿಗೊಳಿಸಿ ತಂದಾಗ ಹಳೆಯ ಅಭಿಮಾನಿಗಳು ಗೊಣಗುವುದು ಇದಕ್ಕೇ. ಅವರ ಗೊಣಗಾಟ ಪೂರ್ತಿ ಹಳಹಳಿಕೆ ಅಲ್ಲ.

ಲೇಖನದಲ್ಲಿ ಚಿತ್ರದ ಅವಧಿ ಕೊಟ್ಟಿದ್ದರೆ ಪರೀಕ್ಷಿಸಿ. ನಮ್ಮ ಟಿವಿಯ ಪಾಲ್ ಪದ್ಧತಿಯ ಟೇಪಿನಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಚಿತ್ರ 25ರಂತೆ ಓಡುತ್ತದೆ. 100 ನಿಮಿಷದ್ದು 96ಕ್ಕೆ ಮುಗಿಯುತ್ತದೆ, ಕಿರುಚಾಟದ ಶ್ರುತಿಯೂ ತುಸು ಏರುತ್ತದೆ. ಇದನ್ನು ಸೆನ್ಸಾರ್ ಕತ್ತರಿ ಎಂದು ಬರೆದುಬಿಡುವವರಿದ್ದಾರೆ.

ಹಾರರ್‌ಗೆ ‘ಭೂತ’ ಬೇಡವೇ ಬೇಡ. ‘ದೆವ್ವದ ಸಿನಿಮಾ’ ಮಾತಿನಲ್ಲಿ ಚಂದ, ಆದರೆ ಚೂರಿ ಹಿಡಿದು ಅಟ್ಟಿಸಿಕೊಂಡು ಬರುವವನ ಚಿತ್ರದಲ್ಲಿ ದೆವ್ವ ಎಲ್ಲಿಂದ ಬರಬೇಕು? ‘ಭಯಂಕರ ಚಿತ್ರ’ವೂ ಆಗಲಿಕ್ಕಿಲ್ಲ, “ಭಯಂಕರ ಸೆಕೆ ಮಾರಾಯ್ರೇ” ಎಂದು ನಿತ್ಯ ಹೇಳುವ ಊರಿನಲ್ಲಿ ಅದು ಬರೀ ‘ತುಂಬಾ’ ಆಗಿದೆ. ‘ಭಯಾನಕ ಚಿತ್ರ’ ಇರಲಿ. ಕರುಳು-ರಕ್ತವೇ ಬಂಡವಾಳವಾದದ್ದನ್ನು ‘ಬೀಭತ್ಸ’ ಎಂದು ಬೇರ್ಪಡಿಸಿ. ನಾಟ್ಯಶಾಸ್ತ್ರದಲ್ಲಿ ಭಯಾನಕಕ್ಕೆ ಭಯ, ಬೀಭತ್ಸಕ್ಕೆ ಜುಗುಪ್ಸೆ ಸ್ಥಾಯಿ, ಅಂದರೆ ನೆಲೆಯಾದ ಭಾವ. ನೋಡುಗ ಕಣ್ಣು ಮುಚ್ಚಿಕೊಳ್ಳುವುದು ಯಾವ ಕಾರಣಕ್ಕೆ ಎಂಬ ವ್ಯತ್ಯಾಸ ಅದರಲ್ಲಿ ಸಿಗುತ್ತದೆ.

‘ಕಲ್ಟ್’ ಕಷ್ಟದ್ದು. ಈಗಿನ ಹುಡುಗರ ಬಾಯಲ್ಲಿ ‘ಕಲ್ಟ್’ ಎಂದರೆ ‘ಸೂಪರ್’. ಮೊದಲ ದಿನವೇ ಹೌಸ್‌ಫುಲ್ ಆದದ್ದಕ್ಕೂ ಅಂಟಿಸುತ್ತಾರೆ. ಮೂಲ ಅರ್ಥ ಹೆಚ್ಚುಕಡಿಮೆ ತಿರುಗಾಮುರುಗಾ: ದೊಡ್ಡ ಮಾರುಕಟ್ಟೆ ಕಡೆಗಣಿಸಿದ್ದನ್ನು ಕೆಲವರೇ ಸೇರಿ ಮತ್ತೆಮತ್ತೆ ನೋಡಿ, ಕೈಯಿಂದ ಕೈಗೆ ದಾಟಿಸಿ ಉಳಿಸಿಕೊಂಡದ್ದು. ಕ್ಯಾಸೆಟ್ ಬೆಳೆಸಿದ್ದು ಇದನ್ನೇ. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಂತೆ ಅದು ಯಾರ ಸ್ವತ್ತೂ ಅಲ್ಲದಾಯಿತು, ಹಾಗಾಗಿ ಯಾರು ಬೇಕಾದರೂ ಕ್ಯಾಸೆಟ್ ಮಾಡಿ ಮಾರಬಹುದಿತ್ತು. ಬ್ರಿಟನ್ನಿನಲ್ಲಿ 1984ರ ಕಾನೂನು ವಿಡಿಯೋಗೂ ಸೆನ್ಸಾರ್ ತಂದಿತು. ಆಗ ಮೊಕದ್ದಮೆಗೆಂದು ಗುರುತಿಸಿದ 72 ಚಿತ್ರಗಳ ಪಟ್ಟಿ ಅಭಿಮಾನಿಗಳಿಗೆ ಹುಡುಕಿ ಕೊಳ್ಳುವ ಪಟ್ಟಿಯೇ ಆಯಿತು. ರಾಮ್ಸೆ ಸಹೋದರರ ಹಿಂದಿ ಹಾರರ್ ಚಿತ್ರ ‘ಪುರಾನಾ ಮಂದಿರ್’ (1984) ಇಲ್ಲಿ ಟಾಕೀಸಿನಲ್ಲೇ ಗೆದ್ದಿತ್ತು; ಅದನ್ನು ಕಲ್ಟ್ ಮಾಡಿದ್ದು ಆಮೇಲೆ ಡಿಸ್ಕ್‌ನಲ್ಲಿ ನೋಡಿದ ಹೊರದೇಶದವರು. ಇಲ್ಲಿನ ಗೆಲುವು, ಅಲ್ಲಿನ ಕಲ್ಟ್ ಎರಡನ್ನೂ ಲೇಖಕರು ಒಂದೇ ವಾಕ್ಯದಲ್ಲಿ ಕಟ್ಟಿದ್ದರೆ ಬಿಡಿಸಿ.

‘ಪಂಥ’, ‘ಆರಾಧ್ಯ’ ಯಾವುದೂ ಇದನ್ನು ಹೊರುವುದಿಲ್ಲ. ‘ಕಲ್ಟ್ ಚಿತ್ರ’ವನ್ನೇ ಇಟ್ಟು, ಮೊದಲ ಸಲ ಬಂದಲ್ಲಿ ‘ಕೆಲವರೇ ಹಚ್ಚಿಕೊಂಡು ಉಳಿಸಿದ ಚಿತ್ರ’ ಎಂದು ಬಿಡಿಸಿ ಹೇಳಿ. ಲೋ ಬಜೆಟ್‌ಗೆ ‘ಕಡಿಮೆ ಬಂಡವಾಳದ’. ‘ಅಗ್ಗದ’ ಎಂದರೆ ಕಳಪೆಯ ವಾಸನೆ ಬರುತ್ತದೆ.

ಇನ್ನೊಂದು ಉತ್ತರ, ಉಡುಪಿಯಿಂದ

ರಸದ ಹೆಸರುಗಳಿಗೆ ನನ್ನ ತಕರಾರು ಉಂಟು. ಹೆದರಿಸಲಿಕ್ಕೆ ಹೊರಟು ನಗಿಸುವ ಚಿತ್ರಗಳೇ ಇವುಗಳಲ್ಲಿ ಬಹಳ. ‘ಭಯಾನಕ’ ಎಂದು ಗಂಭೀರವಾಗಿ ಬರೆದರೆ ಆ ಹಾಸ್ಯ ಸತ್ತುಹೋಗುತ್ತದೆ. ನಾನಾದರೆ ‘ಹಾರರ್’ ಹಾಗೇ ಬಿಡುತ್ತೇನೆ.

ಜೋಂಬಿಗೆ ತುಳುವಿನ ‘ಕುಲೆ’ ತರುವ ಆಸೆ ಯಾರಿಗಾದರೂ ಬಂದೀತು, ಬೇಡ. ಕುಲೆ ಸತ್ತವರ ಆತ್ಮ, ದೇಹವಿಲ್ಲ. ಆಟಿ ತಿಂಗಳಲ್ಲಿ ಅವುಗಳಿಗೆ ಬಡಿಸುವುದು, ಮದುವೆಯಾಗದೆ ಸತ್ತವರಿಗೆ ಮದುವೆ ಮಾಡಿಸುವುದು ಉಂಟು. ಜೋಂಬಿಯಲ್ಲಿ ನಡೆಯುವುದು ಹೆಣ ಮಾತ್ರ. ‘ಜೋಂಬಿ’ಯೇ ಇರಲಿ.

ಟೇಪಿನ ಶಬ್ದಗಳು: ಪರದೆಯ ಅಡಿಯಲ್ಲೋ ನಡುವಲ್ಲೋ ಪಟ್ಟಿ ನಡುಗಿದರೆ ‘ಟ್ರ್ಯಾಕಿಂಗ್ ಹೋಗಿದೆ’; ಟೇಪನ್ನು ಓದುವ ಹೆಡ್ಡು, ಚಿತ್ರ ದಾಖಲಾದ ಓರೆಗೆರೆಗೆ ಸರಿಯಾಗಿ ಕೂತಿಲ್ಲ, ಗುಂಡಿ ತಿರುಗಿಸಿ ಕೂರಿಸಬೇಕು. ಡ್ರಾಪ್‌ಔಟ್ ಎಂದರೆ ಲೇಪ ಉದುರಿದಲ್ಲಿ ಮಿಂಚುವ ಬಿಳಿ ಗೆರೆ. ‘ಗೆರೆ ಬರ್ತದೆ’ ಎಂದರೆ ಸಾಕು. ಬಾಡಿಗೆ ಕ್ಯಾಸೆಟ್ಟಿನಲ್ಲಿ ತಲೆ ಹಾರುವ ದೃಶ್ಯದಲ್ಲೇ ಗೆರೆ ಜಾಸ್ತಿ, ಎಲ್ಲರೂ ಹಿಂದೆ ತಿರುಗಿಸಿ ನಿಲ್ಲಿಸಿ ನೋಡಿ ಸವೆದದ್ದು. ಮಳೆಗಾಲದ ತೇವಕ್ಕೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ‘ಬೂಷ್ಟು’, ಕೆಲವರು ‘ಫಂಗಸ್’ ಎನ್ನುತ್ತಾರೆ. ಲೇಖನಕ್ಕೆ ಚಿತ್ರ ತೆಗೆಯಲಿಕ್ಕೆಂದು ಅಂಥದ್ದನ್ನು ಯಂತ್ರಕ್ಕೆ ಹಾಕಬೇಡಿ. ಪುಡಿ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಮೊದಲು ಒಣಗಿಸಿ, ಒರೆಸಿದ ಮೇಲೆ ಓಡಿಸುವುದು.