ಚಳಿಗಾಲದಲ್ಲಿ ಊರ ಕೋಳಿ ಮೊಟ್ಟೆ ಕಡಿಮೆ, ಏನು ಕೊಡಬಹುದು?

ಪ್ರಶ್ನೆ (ಬ್ರಹ್ಮಾವರದಿಂದ): ಡಿಸೆಂಬರ್ ಬಂತೆಂದರೆ ನಮ್ಮ ಕೋಳಿಗಳ ಮೊಟ್ಟೆ ಅರ್ಧಕ್ಕೆ ಇಳಿಯುತ್ತದೆ. ನುಚ್ಚು, ತೌಡು ಹಾಕುತ್ತೇನೆ. ಅಂಗಡಿ ಟಾನಿಕ್ ಬೇಡ. ಮನೆಯದ್ದೇ ಏನಾದರೂ ಇದೆಯಾ?

ಉತ್ತರ (ಮಲ್ಪೆ): ಬರೀ ನುಚ್ಚು, ತೌಡಿನಲ್ಲಿ ಪ್ರೋಟೀನ್ ಸಾಲದು. ಶೇ. 16ರಷ್ಟಾದರೂ ಬೇಕು. ನಾನು ಒಣ ಬೂತಾಯಿ ಮೀನು ಪುಡಿ ಮಾಡಿ ಶೇಂಗಾ ಹಿಂಡಿಗೆ ಕಲಸುತ್ತೇನೆ. ಬೂಸ್ಟು ಹಿಡಿದ ಹಿಂಡಿ ಬೇಡ. ಉಪ್ಪು ಹಾಕಿ ಒಣಗಿಸಿದ ಮೀನಂತೂ ಬೇಡವೇ ಬೇಡ. ಮೀನು ಜಾಸ್ತಿಯಾದರೆ ಮೊಟ್ಟೆಯೂ ನಾರುತ್ತದೆ, ನಮ್ಮತ್ತೆ ಮುಟ್ಟುವುದಿಲ್ಲ! ಸುಣ್ಣದಂಶಕ್ಕೆ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಒಡೆದು ಬೇರೆ ತಟ್ಟೆಯಲ್ಲಿಡಿ, ಬೇಕಾದಷ್ಟು ಅವೇ ತಿನ್ನುತ್ತವೆ. ನುಗ್ಗೆಸೊಪ್ಪೂ ಒಳ್ಳೆಯದು.

ಉತ್ತರ (ಸುರತ್ಕಲ್): ತಿಂಡಿಯಷ್ಟೇ ಅಲ್ಲ, ಬೆಳಕೂ ಬೇಕು ಅಲ್ವಾ? ದಿನಕ್ಕೆ 14 ಗಂಟೆ ಇದ್ದರೆ ಚೆನ್ನ. ಈಗ ಹಗಲು 12 ಗಂಟೆಯೂ ಇಲ್ಲ. ಬೆಳಗಿನ ಜಾವ ಗೂಡಿಗೊಂದು ಬಲ್ಬ್ ಹಾಕಿ. ಪುಕ್ಕ ಉದುರುತ್ತಿದ್ದರೆ ಹೊಸದು ಬರುವವರೆಗೆ ಮೊಟ್ಟೆ ಕಡಿಮೆಯೇ, ಸ್ವಲ್ಪ ಕಾಯಿರಿ.

ಪ್ರಶ್ನೆ ಕೇಳಿದವರು: ಪುಕ್ಕ ಉದುರಿದೆ, ಹೌದು. ಬೂತಾಯಿಯನ್ನು ನಮ್ಮ ಬೆಕ್ಕು ಬಿಟ್ಟರೆ ಆಯಿತು!